ಹ್ಯಾನ್ ಸೋಲೊ ಮೊದಲು ಗುಂಡು ಹಾರಿಸಿದ್ದು ಯಾವ ಸ್ಟಾರ್ ವಾರ್ಸ್‌ನಲ್ಲಿ?

2027ರ ಫೆಬ್ರವರಿಯಲ್ಲಿ ಅಂತರಿಕ್ಷದ ಸಾಹಸ ಕಥೆ ಹೇಳುವ ಹಾಲಿವುಡ್ ಸಿನಿಮಾ 'ಸ್ಟಾರ್ ವಾರ್ಸ್' ಮತ್ತೆ ಥಿಯೇಟರಿಗೆ ಬರಲಿದೆ ಎಂದು ಅದನ್ನು ತಯಾರಿಸಿದ ಕಂಪನಿ ಲ್ಯೂಕಾಸ್‌ಫಿಲ್ಮ್ ಹೇಳಿದೆ. ಐವತ್ತು ವರ್ಷ ತುಂಬುವ ಸಿನಿಮಾ ಮರುಬಿಡುಗಡೆ ಆಗುವುದು ದೊಡ್ಡ ಸುದ್ದಿಯೇನಲ್ಲ. ಈ ಸಿನಿಮಾ ಅಂತೂ ಥಿಯೇಟರು, ಕ್ಯಾಸೆಟ್ಟು, ಡಿಸ್ಕು, ಮೊಬೈಲು ಅಂತ ಎಷ್ಟೋ ಸಲ ಬಂದು ಹೋಗಿದೆ. ಆದರೂ ಅಭಿಮಾನಿಗಳು ಈ ಸುದ್ದಿಗೆ ಹಿಗ್ಗಿದರು. ಯಾಕೆಂದರೆ ಈ ಸಲ ಬರುವುದು 1977ರಲ್ಲಿ ಜನ ನೋಡಿದ ಸಿನಿಮಾ ಅಂತೆ.

ಹಾಗಾದರೆ ಇಷ್ಟು ದಿನ ಎಲ್ಲರೂ ನೋಡುತ್ತಿದ್ದದ್ದು ಯಾವುದು? ಹೊರಗಿನವರಿಗೆ ಈ ಜಗಳ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಒಂದು ಸಿನಿಮಾ ಮತ್ತೆ ಬಂದರೆ ಅದರ ಅಭಿಮಾನಿಗಳೇ ಯಾಕೆ ಮುಖ ಸಿಂಡರಿಸಬೇಕು? ಟಿಕೆಟ್ಟನ್ನೂ ಕೊಳ್ಳುತ್ತಾರೆ, ಬೈಯುವುದನ್ನೂ ಬಿಡುವುದಿಲ್ಲ. ಇದು ಅರ್ಥವಾಗಬೇಕಾದರೆ ಸಿನಿಮಾದ ಕಥೆಗಿಂತ ಜಾಸ್ತಿ, ಅದರ ರೀಲುಗಳ ಕಥೆ ಗೊತ್ತಿರಬೇಕು.

ಸ್ಟಾರ್ ವಾರ್ಸ್ ಅಮೆರಿಕದಲ್ಲಿ ತೆರೆಕಂಡಿದ್ದು 1977ರ ಮೇ 25ರಂದು. ಮೊದಲ ದಿನ ಬರೀ 32 ಥಿಯೇಟರು. ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ಮನೆಯಲ್ಲಿ ವಿಡಿಯೊ ಇಲ್ಲದ ಕಾಲ ಅದು. ಮೆಚ್ಚಿದ ಸಿನಿಮಾ ಇನ್ನೊಮ್ಮೆ ನೋಡಬೇಕೆಂದರೆ ಅದು ಟಾಕೀಸಿಗೆ ಮತ್ತೆ ಬರುವವರೆಗೆ ಕಾಯಬೇಕಿತ್ತು. ನಮ್ಮಲ್ಲಿ ರಾಜ್‌ಕುಮಾರ್ ಸಿನಿಮಾಗಳು ಹಾಗೆ ಮತ್ತೆ ಮತ್ತೆ ಬರುತ್ತಿದ್ದವಲ್ವಾ, ಅಲ್ಲೂ ಹಾಗೆಯೇ. 1978, 1979, 1981, 1982ರಲ್ಲಿ ಸ್ಟಾರ್ ವಾರ್ಸ್ ಮತ್ತೆ ಬಂತು. ಆಗ ಮರುಬಿಡುಗಡೆ ಅಂದರೆ ಬರೀ ಖುಷಿ. 1981ರ ಪ್ರಿಂಟಿನಲ್ಲಿ ಒಂದು ಸಣ್ಣ ಬದಲಾವಣೆ ಆಗಿತ್ತು. ಶುರುವಿನಲ್ಲಿ ಮೇಲಕ್ಕೆ ಸರಿಯುವ ಹಳದಿ ಅಕ್ಷರಗಳ ಜೊತೆ 'ಎಪಿಸೋಡ್ 4, ಎ ನ್ಯೂ ಹೋಪ್' ಎಂಬ ಸಾಲು ಸೇರಿತ್ತು. 1977ರಲ್ಲಿ ಅದು ಇರಲಿಲ್ಲ. ಅದಕ್ಕೆ ಯಾರೂ ಗಲಾಟೆ ಮಾಡಲಿಲ್ಲ.

ಗಲಾಟೆ ಶುರುವಾಗಿದ್ದು 1997ರಲ್ಲಿ.

ಅದಕ್ಕೆ ಮುಂಚೆ ನೆಗೆಟಿವ್ ಬಗ್ಗೆ ಎರಡು ಮಾತು. ಫಿಲ್ಮಿನ ಕಾಲದಲ್ಲಿ ಕ್ಯಾಮೆರಾದೊಳಗೆ ಓಡಿದ ನೆಗೆಟಿವ್ವನ್ನೇ ಕತ್ತರಿಸಿ, ಅಂಟಿಸಿ, ಸಿನಿಮಾದ ಮೂಲ ಪ್ರತಿ ತಯಾರಿಸುತ್ತಿದ್ದರು. ಅದರಿಂದ ಮಧ್ಯದ ಪ್ರತಿಗಳು, ಆ ಪ್ರತಿಗಳಿಂದ ಥಿಯೇಟರಿಗೆ ಹೋಗುವ ಪ್ರಿಂಟುಗಳು. ಪ್ರತಿ ಸಲ ಕಾಪಿ ಮಾಡಿದಾಗಲೂ ಚಿತ್ರ ಸ್ವಲ್ಪ ಮಂಕಾಗುತ್ತದೆ. ಹಾಗಾಗಿ ಎಲ್ಲಕ್ಕಿಂತ ಸ್ಪಷ್ಟವಾದ ಚಿತ್ರ ಇರುವುದು ಆ ಮೊದಲ ನೆಗೆಟಿವ್‌ನಲ್ಲಿ. ಅಂಥದ್ದು ಜಗತ್ತಿನಲ್ಲಿ ಒಂದೇ ಒಂದು ಇರುತ್ತದೆ.

ಇಪ್ಪತ್ತನೇ ವರ್ಷದ ಬಿಡುಗಡೆಗಾಗಿ ಡಬ್ಬಿಯಿಂದ ಅದನ್ನು ಹೊರತೆಗೆದಾಗ ಸ್ಥಿತಿ ಚೆನ್ನಾಗಿರಲಿಲ್ಲ. ಧೂಳು, ಗೀರು. ಅದಕ್ಕಿಂತ ದೊಡ್ಡ ತಲೆನೋವು ಬಣ್ಣದ್ದು. ಸ್ಟಾರ್ ವಾರ್ಸ್ ನೆಗೆಟಿವ್‌ನಲ್ಲಿ ಒಂದೇ ಬಗೆಯ ಫಿಲ್ಮ್ ಇರಲಿಲ್ಲ. ಎರಡು ಮೂರು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಮಾಡಿದ ಟ್ರಿಕ್ ಶಾಟುಗಳಿಗೆ ಬೇರೆ ಫಿಲ್ಮ್ ಬಳಸಿದ್ದರು. ಅದರಲ್ಲಿ ಒಂದು ಜಾತಿಯ ಫಿಲ್ಮಿನ ಬಣ್ಣ ಇಪ್ಪತ್ತೇ ವರ್ಷದಲ್ಲಿ ಹಾರಿಹೋಗಿತ್ತು. ತಂತ್ರಜ್ಞರು ನೆಗೆಟಿವ್ ಬಿಚ್ಚಿದರು, ರಾಸಾಯನಿಕದಲ್ಲಿ ತೊಳೆದರು, ಹಾಳಾದ ತುಂಡುಗಳನ್ನು ಮತ್ತೆ ಮಾಡಿದರು. ಬಣ್ಣ ಹೇಗಿರಬೇಕು ಎಂದು ನೋಡಿಕೊಳ್ಳಲು ಚಿತ್ರದ ನಿರ್ದೇಶಕ ಜಾರ್ಜ್ ಲ್ಯೂಕಾಸ್ ತಮ್ಮ ಬಳಿ ಇಟ್ಟುಕೊಂಡಿದ್ದ ಹಳೆಯ ಟೆಕ್ನಿಕಲರ್ ಪ್ರಿಂಟ್ ನೆರವಿಗೆ ಬಂತು. ಆ ಬಗೆಯ ಪ್ರಿಂಟಿನಲ್ಲಿ ಬಣ್ಣವನ್ನು ಅಚ್ಚಿನಂತೆ ಒತ್ತುತ್ತಿದ್ದರು. ಹಾಗಾಗಿ ಬೇರೆ ಪ್ರಿಂಟುಗಳು ವರ್ಷ ಕಳೆದಂತೆ ಕೆಂಪು, ಗುಲಾಬಿ ಬಣ್ಣಕ್ಕೆ ತಿರುಗಿದರೂ ಇದು ಹಾಗೇ ಉಳಿಯುತ್ತದೆ.

ಇಷ್ಟೇ ಆಗಿದ್ದರೆ ಲ್ಯೂಕಾಸ್ ಕಂಪನಿಗೆ ಅಭಿಮಾನಿಗಳು ಹಾರ ಹಾಕುತ್ತಿದ್ದರು. ಆದರೆ ಹಳೇ ಮನೆಗೆ ಸೋರುವ ಮಾಡು ಸರಿಮಾಡಿಸಲು ಹೋಗಿ ಪಡಸಾಲೆ, ಬಾಗಿಲು, ಕಿಟಕಿ ಎಲ್ಲವನ್ನೂ ಬದಲಿಸಿದ ಹಾಗಾಯಿತು. ಕಂಪ್ಯೂಟರಿನಲ್ಲಿ ಹೊಸ ಶಾಟುಗಳನ್ನು ತಯಾರಿಸಿ, ಅವನ್ನು ಮತ್ತೆ ಫಿಲ್ಮಿಗೆ ಇಳಿಸಿ, ಅದೇ ನೆಗೆಟಿವ್‌ಗೆ ಸೇರಿಸಿದರು. ಅಲ್ಲಿದ್ದ ಹಳೆಯ ತುಂಡುಗಳನ್ನು ತೆಗೆದರು. ಹೀಗೆ 1977ರ ನೆಗೆಟಿವ್ 1997ರ 'ಸ್ಪೆಷಲ್ ಎಡಿಷನ್'ನ ನೆಗೆಟಿವ್ ಆಯಿತು. ರಿಪೇರಿಯೂ ಬದಲಾವಣೆಯೂ ಒಂದೇ ಕೆಲಸವಾಗಿ ನಡೆದವು, ಒಂದೇ ದುಡ್ಡಿನಲ್ಲಿ. ಹೊಸ ಆವೃತ್ತಿ ತೋರಿಸಿ ದುಡ್ಡು ಮಾಡುವ ಆಸೆ ಇರದಿದ್ದರೆ ಆ ರಿಪೇರಿಗೆ ಅಷ್ಟು ಖರ್ಚು ಮಾಡುತ್ತಿದ್ದರಾ? ನನಗೆ ಅನುಮಾನ. ಅಭಿಮಾನಿಗಳ ಮನಸ್ಸು ಎರಡಾಗಿರುವುದು ಮೊದಲು ಇಲ್ಲೇ. ಸಿನಿಮಾವನ್ನು ಉಳಿಸಿದ್ದೂ ಮರೆಮಾಡಿದ್ದೂ ಒಂದೇ ಮರುಬಿಡುಗಡೆ.

1997ರ ಜನವರಿ 31ಕ್ಕೆ ಮೊದಲ ಚಿತ್ರ, ಆಮೇಲೆ ಅದರ ಮುಂದಿನ ಕಥೆಗಳಾದ ಎರಡು ಚಿತ್ರಗಳು, ಫೆಬ್ರವರಿಯಲ್ಲಿ 'ದ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್', ಮಾರ್ಚಿನಲ್ಲಿ 'ರಿಟರ್ನ್ ಆಫ್ ದ ಜೆಡೈ' ಬಂದವು. ಜನ ಮುಗಿಬಿದ್ದರು. ಮೊದಲ ಚಿತ್ರವೊಂದೇ ಅಮೆರಿಕ ಮತ್ತು ಕೆನಡಾದಲ್ಲಿ 13 ಕೋಟಿ ಡಾಲರಿಗಿಂತ ಜಾಸ್ತಿ ಗಳಿಸಿತು. ಸಾಲಿನಲ್ಲಿ ನಿಂತವರಲ್ಲಿ ತಮ್ಮ ಮಕ್ಕಳನ್ನು ಕರೆತಂದವರೂ ಇದ್ದರು. ಕೆಲವು ಬದಲಾವಣೆಗಳನ್ನು ಎಲ್ಲರೂ ಒಪ್ಪಿದರು. ಎರಡನೇ ಚಿತ್ರದ ಹಿಮದ ಯುದ್ಧದಲ್ಲಿ ವಿಮಾನದ ಕಾಕ್‌ಪಿಟ್ ಮೂಲಕ ಆಚೆಯ ದೃಶ್ಯ ಕಾಣುತ್ತಿದ್ದ ಹಳೆಯ ಟ್ರಿಕ್ಕಿನ ದೋಷ ಹೋಯಿತು. ಮೋಡದೂರಿನ ಬೋಳು ಗೋಡೆಗಳಿಗೆ ಕಿಟಕಿ ಬಂದವು. ಇವಕ್ಕೆ ಯಾರ ತಕರಾರೂ ಇಲ್ಲ.

ತಕರಾರು ಬಂದದ್ದು ಒಂದು ಹೋಟೆಲಿನ ದೃಶ್ಯಕ್ಕೆ. ಹ್ಯಾನ್ ಸೋಲೊ ಒಬ್ಬ ಕಳ್ಳಸಾಗಣೆಗಾರ. ಅವನ ತಲೆಗೆ ಬೆಲೆ ಕಟ್ಟಿದವರ ಪರವಾಗಿ ಗ್ರೀಡೊ ಎಂಬ ಹಸಿರು ಜೀವಿ ಬಂದು ಮೇಜಿನ ಎದುರು ಕೂರುತ್ತದೆ, ಬಂದೂಕು ಹಿಡಿದು. 1977ರಲ್ಲಿ ಹ್ಯಾನ್ ಮಾತಾಡುತ್ತಾ ಆಡುತ್ತಾ ಮೇಜಿನ ಕೆಳಗೆ ತನ್ನ ಬಂದೂಕು ತೆಗೆದು ಸುಟ್ಟುಬಿಡುತ್ತಾನೆ. ಗ್ರೀಡೊಗೆ ಒಂದು ಗುಂಡು ಹಾರಿಸಲೂ ಪುರುಸೊತ್ತು ಸಿಗುವುದಿಲ್ಲ. 1997ರಲ್ಲಿ ಗ್ರೀಡೊ ಮೊದಲು ಗುಂಡು ಹಾರಿಸುತ್ತದೆ. ಮೇಜಿನ ಆಚೆ ಕೂತವನಿಗೂ ಗುರಿ ತಪ್ಪುತ್ತದೆ! ಆಮೇಲೆ ಹ್ಯಾನ್ ಹಾರಿಸುತ್ತಾನೆ.

ಇದು ಒಂದೆರಡು ಸೆಕೆಂಡಿನ ವಿಷಯ. ಆದರೆ ಇದರಲ್ಲಿ ಆ ಪಾತ್ರದ ಗುಣವೇ ಅಡಗಿದೆ. ಹ್ಯಾನ್ ಶುರುವಿನಲ್ಲಿ ತನ್ನ ದುಡ್ಡು, ತನ್ನ ಜೀವ ಅಷ್ಟೇ ನೋಡಿಕೊಳ್ಳುವವನು. ಕೊನೆಯಲ್ಲಿ ಹೊರಟುಹೋದವನು ಗೆಳೆಯನಿಗಾಗಿ ತಿರುಗಿ ಬರುತ್ತಾನೆ. ಎಲ್ಲಿಂದ ಹೊರಟ ಎಂಬುದು ಗಟ್ಟಿಯಾಗಿದ್ದರೆ ತಾನೆ ಆ ತಿರುಗಿ ಬರುವುದಕ್ಕೆ ಬೆಲೆ. ಲ್ಯೂಕಾಸ್ ಯೋಚನೆ ಬೇರೆ ಇತ್ತು. ಮುಂದೆ ನಾಯಕಿಯ ಕೈ ಹಿಡಿಯುವವನು ಹಾಗೆ ತಣ್ಣಗೆ ಕೊಲ್ಲುವವನಾಗಿರಬಾರದು ಎಂಬುದು ಅವರ ವಾದ. ಅಭಿಮಾನಿಗಳು 'ಹ್ಯಾನ್ ಮೊದಲು ಹಾರಿಸಿದ' ಎಂದು ಟೀ ಶರ್ಟ್ ಮಾಡಿಸಿಕೊಂಡರು. ಆ ಟೀ ಶರ್ಟ್ ತೊಟ್ಟ ಲ್ಯೂಕಾಸ್ ಫೋಟೋವೂ ಇದೆ. ಮನುಷ್ಯನಿಗೆ ತಮಾಷೆ ಗೊತ್ತು, ಆದರೆ ದೃಶ್ಯ ಮಾತ್ರ ಹಳೆಯದಕ್ಕೆ ಮರಳಲಿಲ್ಲ.

ಇನ್ನೊಂದು ದೃಶ್ಯ ಜಬ್ಬಾನದು. ಹ್ಯಾನ್ ಸಾಲ ತೀರಿಸಬೇಕಿದ್ದ ಈ ದಂಧೆಕೋರನ ಜೊತೆ ಒಂದು ಭೇಟಿಯನ್ನು ಮೊದಲೇ ಚಿತ್ರಿಸಿದ್ದರು. ಆಗ ಜಬ್ಬಾ ಆಗಿದ್ದವರು ಡೆಕ್ಲನ್ ಮಲ್‌ಹಾಲಂಡ್ ಎಂಬ ಗುಂಡಗಿನ ನಟ. ದೃಶ್ಯ ಕೊನೆಗೆ ಸಿನಿಮಾದಲ್ಲಿ ಸೇರಲಿಲ್ಲ. 1983ರ ಹೊತ್ತಿಗೆ ಜಬ್ಬಾ ಬಾಲವಿರುವ ದೈತ್ಯ ಗೊಂಡೆಹುಳುವಿನಂಥ ಪ್ರಾಣಿಯಾಗಿದ್ದ. 1997ರಲ್ಲಿ ಆ ನಟನ ಜಾಗಕ್ಕೆ ಕಂಪ್ಯೂಟರ್ ಜಬ್ಬಾನನ್ನು ತಂದು ಕೂರಿಸಿದರು. ಒಂದು ಕಷ್ಟ ಎದುರಾಯಿತು. ಹಳೆಯ ಶಾಟಿನಲ್ಲಿ ಹ್ಯಾನ್ ಆ ನಟನ ಬೆನ್ನ ಹಿಂದೆ ಸುತ್ತಿ ಬರುತ್ತಾನೆ. ಈಗ ಅಲ್ಲಿ ಬಾಲ ಇದೆ! ಏನು ಮಾಡುವುದು? ಹ್ಯಾನ್ ಬಾಲವನ್ನೇ ತುಳಿದು ಹೋಗುವಂತೆ ಅವನ ಚಿತ್ರವನ್ನು ಸ್ವಲ್ಪ ಮೇಲಕ್ಕೆತ್ತಿದರು. ಕೈಚಳಕ ಮೆಚ್ಚಬೇಕಾದ್ದೇ. ಆದರೆ ಜಬ್ಬಾ ಅಲ್ಲಿ ಆಡುವ ಮಾತುಗಳಲ್ಲಿ ಮುಕ್ಕಾಲು ಪಾಲು ಗ್ರೀಡೊ ದೃಶ್ಯದಲ್ಲಿ ಆಗಲೇ ಬಂದಾಗಿದೆ. ದೃಶ್ಯವನ್ನು 1977ರಲ್ಲಿ ಬಿಟ್ಟದ್ದೇ ಸರಿ ಎಂದು ನನಗೂ ಅನಿಸುತ್ತದೆ.

ಈ ಎಲ್ಲದರ ಹಿಂದೆ ಒಂದು ಲೆಕ್ಕಾಚಾರವೂ ಇತ್ತು. 1999ಕ್ಕೆ ಇದೇ ಸರಣಿಯ ಹೊಸ ಚಿತ್ರ 'ದ ಫ್ಯಾಂಟಮ್ ಮೆನೆಸ್' ಬರಬೇಕಿತ್ತು. ಕಂಪ್ಯೂಟರ್ ಪಾತ್ರಗಳು, ಕಂಪ್ಯೂಟರ್ ಊರುಗಳು ಎಷ್ಟರ ಮಟ್ಟಿಗೆ ಆಗುತ್ತವೆ ಎಂದು ನೋಡಲು ಹಳೆಯ ಚಿತ್ರಗಳು ಪ್ರಯೋಗಶಾಲೆಯಾದವು.

ಇಲ್ಲಿಗೆ ನಿಂತಿದ್ದರೆ ಸರಿಹೋಗುತ್ತಿತ್ತೇನೋ. ನಿಲ್ಲಲಿಲ್ಲ. 2004ರಲ್ಲಿ ಡಿವಿಡಿ ಬಂತು. ಮೂರನೇ ಚಿತ್ರದ ಕೊನೆಯಲ್ಲಿ ಮುಖವಾಡದ ಖಳನಾಯಕ ಡಾರ್ತ್ ವೇಡರ್‌ನ ಆತ್ಮ ಕಾಣಿಸುವ ದೃಶ್ಯದಲ್ಲಿ ಹಿರಿಯ ನಟ ಸೆಬಾಸ್ಟಿಯನ್ ಷಾ ಹೋಗಿ, ಹೊಸ ಚಿತ್ರಗಳಲ್ಲಿ ಅದೇ ಪಾತ್ರ ಮಾಡಿದ ಹೇಡನ್ ಕ್ರಿಸ್ಟೆನ್‌ಸನ್ ಬಂದರು. ಷಾ ತೀರಿಕೊಂಡು ಆಗ ಹತ್ತು ವರ್ಷವಾಗುತ್ತಾ ಬಂದಿತ್ತು. ಇದು ಹಲವರಿಗೆ ಗ್ರೀಡೊ ವಿಷಯಕ್ಕಿಂತ ಜಾಸ್ತಿ ಚುಚ್ಚಿತು. 2006ರಲ್ಲಿ ಒತ್ತಾಯಕ್ಕೆ ಮಣಿದು ಹಳೆಯ ಆವೃತ್ತಿಯನ್ನು ಡಿವಿಡಿ ಜೊತೆ ಕೊಸರಾಗಿ ಕೊಟ್ಟರು. ಆದರೆ ಅದು 1993ರ ಲೇಸರ್ ಡಿಸ್ಕಿಗೆಂದು ಮಾಡಿದ ಕಾಪಿ. ಅಗಲದ ಟಿವಿಯಲ್ಲಿ ಹಾಕಿದರೆ ಸುತ್ತ ಕಪ್ಪು ಪಟ್ಟಿ, ನಡುವೆ ಪುಟ್ಟ ಮಂಕು ಚಿತ್ರ. ಕೇಳಿದವರಿಗೆ ಕೊಟ್ಟ ಹಾಗೂ ಆಯಿತು, ಕೊಡದ ಹಾಗೂ ಆಯಿತು. 2011ರ ಬ್ಲೂ-ರೇಯಲ್ಲಿ ವೇಡರ್ ಮಗನನ್ನು ಉಳಿಸಲು ಚಕ್ರವರ್ತಿಯನ್ನು ಎತ್ತಿ ಎಸೆಯುವ ದೃಶ್ಯಕ್ಕೆ 'ನೋ' ಎಂಬ ಕೂಗು ಸೇರಿತು. ಮುಖವಾಡದ ಹಿಂದೆ ಏನು ನಡೆಯುತ್ತಿದೆ ಎಂದು ನೋಡುವವರೇ ಊಹಿಸುತ್ತಿದ್ದ ಕ್ಷಣ ಅದು. ಕೂಗಿ ಹೇಳಬೇಕಿತ್ತಾ?

2012ರಲ್ಲಿ ಡಿಸ್ನಿ ಲ್ಯೂಕಾಸ್‌ಫಿಲ್ಮನ್ನು 405 ಕೋಟಿ ಡಾಲರಿಗೆ ಕೊಂಡಿತು. ಆದರೆ ಮೊದಲ ಚಿತ್ರದ ಹಂಚಿಕೆ ಹಕ್ಕು ಫಾಕ್ಸ್ ಸ್ಟುಡಿಯೊ ಬಳಿಯೇ ಉಳಿದಿತ್ತು. ಅದೊಂದೇ ಅಡ್ಡಿ ಎಂದು ಅಭಿಮಾನಿಗಳು ಸಮಾಧಾನ ಹೇಳಿಕೊಂಡರು. 2019ರಲ್ಲಿ ಫಾಕ್ಸೂ ಡಿಸ್ನಿ ಪಾಲಾಯಿತು. ಅದೇ ವರ್ಷ ನವೆಂಬರಿನಲ್ಲಿ ಡಿಸ್ನಿ ಪ್ಲಸ್ ಶುರುವಾದಾಗ ಆಸೆಯಿಂದ ತೆರೆದು ನೋಡಿದರೆ ಗ್ರೀಡೊ ಈಗ ಗುಂಡಿಗೆ ಮುಂಚೆ 'ಮಕ್ಲಂಕಿ' ಎಂದು ಕಿರುಚುತ್ತಿದೆ! ಡಿಸ್ನಿಗೆ ಮಾರುವ ಮುಂಚೆಯೇ ಲ್ಯೂಕಾಸ್ ಮಾಡಿಟ್ಟಿದ್ದ ಬದಲಾವಣೆ ಇದು ಎಂದು ವರದಿಯಾಯಿತು. ಸಿಟ್ಟು ಬರಬೇಕಾದವರೂ ನಕ್ಕುಬಿಟ್ಟರು.

ಲ್ಯೂಕಾಸ್ ಪಕ್ಷದ ಮಾತನ್ನೂ ಕೇಳಬೇಕು. 1977ರ ಸಿನಿಮಾ ಅರ್ಧ ಮುಗಿದದ್ದು ಎಂದೇ ಅವರು ಹೇಳುತ್ತಾ ಬಂದರು. ದುಡ್ಡಿರಲಿಲ್ಲ, ಟೈಮಿರಲಿಲ್ಲ, ತಂತ್ರಜ್ಞಾನ ಇರಲಿಲ್ಲ. ಮನಸ್ಸಿನಲ್ಲಿದ್ದದ್ದು ಈಗ ಆಗುತ್ತದೆ ಎಂದಾದರೆ ಮಾಡಬಾರದಾ? ಕವಿಯೊಬ್ಬರು ಎರಡನೇ ಮುದ್ರಣದಲ್ಲಿ ಸಾಲು ತಿದ್ದಿದರೆ ನಾವು ಜಗಳ ಮಾಡುವುದಿಲ್ಲ. ಸಿನಿಮಾ ಅವರದು ತಾನೆ.

ಇದಕ್ಕೆ ಅಭಿಮಾನಿಗಳು ಲ್ಯೂಕಾಸ್ ಮಾತನ್ನೇ ಎದುರಿಗಿಡುತ್ತಾರೆ. ಎಂಬತ್ತರ ದಶಕದಲ್ಲಿ ಟಿವಿ ಉದ್ಯಮಿ ಟೆಡ್ ಟರ್ನರ್ ಹಳೆಯ ಹಾಲಿವುಡ್ ಚಿತ್ರಗಳ ಹಕ್ಕು ಕೊಂಡು, ಕಪ್ಪು ಬಿಳುಪಿನವಕ್ಕೆ ಬಣ್ಣ ಬಳಿಸಲು ಹೊರಟರು. 1988ರ ಮಾರ್ಚಿನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹೋಗಿ ಅದನ್ನು ಖಂಡಿಸಿದವರಲ್ಲಿ ಲ್ಯೂಕಾಸ್ ಒಬ್ಬರು. ಲಾಭಕ್ಕಾಗಿ ಕಲಾಕೃತಿಗಳನ್ನು ತಿದ್ದುವವರು ಅನಾಗರಿಕರು, ಮುಂದೊಂದು ದಿನ ಮೂಲ ನೆಗೆಟಿವ್‌ಗಳೇ ಬದಲಾಗಿ ಹೋದಾವು ಎಂಬ ಅರ್ಥದಲ್ಲಿ ಅಲ್ಲಿ ಮಾತಾಡಿದರು. ಅದೇ ವರ್ಷ ಬಂದ ಕಾನೂನಿನಿಂದ, ಕಾಪಾಡಿಡಬೇಕಾದ ಸಿನಿಮಾಗಳ ರಾಷ್ಟ್ರೀಯ ಚಲನಚಿತ್ರ ಪಟ್ಟಿ ಶುರುವಾಯಿತು. 1989ರಲ್ಲಿ ಆರಿಸಿದ ಮೊದಲ 25 ಚಿತ್ರಗಳಲ್ಲಿ ಸ್ಟಾರ್ ವಾರ್ಸೂ ಒಂದು. ಎಂಟು ವರ್ಷದ ನಂತರ ಆ ಚಿತ್ರದ ನೆಗೆಟಿವ್ವೇ ಬದಲಾಯಿತು. ವಿಪರ್ಯಾಸ ಅಂದರೆ ಇದೇ ಅಲ್ವಾ?

ಲ್ಯೂಕಾಸ್ ಪರ ನಿಲ್ಲುವವರು, ಟರ್ನರ್ ತಿದ್ದಿದ್ದು ಬೇರೆಯವರ ಸಿನಿಮಾ, ಇವರು ತಿದ್ದಿದ್ದು ತಮ್ಮದೇ ಸಿನಿಮಾ ಎನ್ನುತ್ತಾರೆ. ಅದು ಸರಿ. ಆದರೆ ಸಿನಿಮಾ ಒಬ್ಬರ ಕೈಯಿಂದ ಆಗುವುದಿಲ್ಲ. ಸ್ಟಾರ್ ವಾರ್ಸ್‌ಗೆ ಎಡಿಟಿಂಗ್‌ಗೂ ವಿಷುವಲ್ ಎಫೆಕ್ಟ್ಸ್‌ಗೂ ಆಸ್ಕರ್ ಬಂದಿದೆ. ಎಡಿಟಿಂಗ್ ಆಸ್ಕರ್ ಪಡೆದ ಮೂವರಲ್ಲಿ ಜಾರ್ಜ್ ಲ್ಯೂಕಾಸ್ ಇರಲಿಲ್ಲ. ಪುಟ್ಟ ಮಾದರಿಗಳನ್ನು ಅಂಟಿಸಿ, ಬಣ್ಣ ಬಳಿದು, ಕ್ಯಾಮೆರಾ ಓಡಿಸಿದವರ ಕೆಲಸ ಇಂದು ಅಂಗಡಿಯಲ್ಲಿ ಸಿಗುವ ಡಿಸ್ಕಿನಲ್ಲಿ ಪೂರ್ತಿ ಇಲ್ಲ. ಸಿನಿಮಾ ಇತಿಹಾಸ ಓದುವ ಹುಡುಗಿಗೆ, ಆ ಆಸ್ಕರ್ ಯಾವ ಕೆಲಸಕ್ಕೆ ಬಂತು ನೋಡು ಎಂದು ತೋರಿಸಲು ಸರಿಯಾದ ಪ್ರತಿಯೇ ಸಿಗುವುದಿಲ್ಲ. ನನಗೆ ಅತಿ ಬಲವಾಗಿ ಕಾಣುವ ವಾದ ಇದು. ತಿದ್ದಬೇಡಿ ಎಂದು ಹೆಚ್ಚಿನವರು ಕೇಳುತ್ತಲೇ ಇಲ್ಲ. ಹಳೆಯದೂ ಪಕ್ಕದಲ್ಲಿರಲಿ ಎನ್ನುತ್ತಿದ್ದಾರೆ, ಅಷ್ಟೇ.

ಕನ್ನಡದಲ್ಲಿ ಹಾಗೇ ಆಗಿದೆ ನೋಡಿ. 2008ರಲ್ಲಿ 'ಸತ್ಯ ಹರಿಶ್ಚಂದ್ರ', 2014ರಲ್ಲಿ 'ಕಸ್ತೂರಿ ನಿವಾಸ' ಬಣ್ಣದಲ್ಲಿ ಬಂದವು. ಮೆಚ್ಚಿದವರು ಮೆಚ್ಚಿದರು, ಕಪ್ಪು ಬಿಳುಪೇ ಚೆಂದ ಎಂದವರು ಅದನ್ನೇ ನೋಡಿಕೊಂಡರು. ಹಳೆಯದು ಕೈತಪ್ಪಿ ಹೋಗಲಿಲ್ಲ, ಅದಕ್ಕೇ ಜಗಳವೂ ಬೆಳೆಯಲಿಲ್ಲ.

ನಿರ್ದೇಶಕರೇ ಒಪ್ಪದ ಬದಲಾವಣೆಯ ಕಥೆ ಇನ್ನೊಂದು ಥರ. 2025ರಲ್ಲಿ ಹಿಂದಿಯ 'ರಾಂಝಣಾ' ಚಿತ್ರದ ತಮಿಳು ಆವೃತ್ತಿಯನ್ನು, ಕೊನೆಯನ್ನು ಎಐನಿಂದ ಸುಖಾಂತ ಮಾಡಿ ಮತ್ತೆ ಬಿಡುಗಡೆ ಮಾಡಿದರು. ನಿರ್ದೇಶಕ ಆನಂದ್ ಎಲ್. ರೈ, ನಟ ಧನುಷ್ ಇಬ್ಬರೂ ಬಹಿರಂಗವಾಗಿ ವಿರೋಧಿಸಿದರು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿಸಿದ 'ಶೋಲೆ'ಯದು ಇವೆರಡಕ್ಕೂ ಉಲ್ಟಾ. 1975ರಲ್ಲಿ ಸೆನ್ಸಾರ್ ಒತ್ತಾಯಕ್ಕೆ ಅದರ ಕೊನೆಯನ್ನು ಬದಲಿಸಿದ್ದರು. ಠಾಕೂರ್ ಗಬ್ಬರ್‌ನನ್ನು ಕೊಲ್ಲುವ ಮೂಲ ಅಂತ್ಯದ ಪ್ರತಿ 2025ರ ಡಿಸೆಂಬರಿನಲ್ಲಿ ಥಿಯೇಟರಿಗೆ ಬಂತು. ಅಲ್ಲಿ ಜನ ಐವತ್ತು ವರ್ಷ ಪ್ರೀತಿಸಿದ್ದೇ ತಿದ್ದಿದ ಆವೃತ್ತಿಯನ್ನು.

ಆ ಮಾತು ಸ್ಟಾರ್ ವಾರ್ಸ್‌ಗೂ ಸ್ವಲ್ಪ ಹೊಂದುತ್ತದೆ. 1997ರಲ್ಲಿ ಎಂಟು ವರ್ಷದ ಹುಡುಗನಾಗಿದ್ದವನಿಗೆ ಬಾಲ್ಯದ ಸ್ಟಾರ್ ವಾರ್ಸ್ ಅಂದರೆ ಸ್ಪೆಷಲ್ ಎಡಿಷನ್ನೇ. ಅವನಿಗೆ ಹಳೆಯದನ್ನು ತೋರಿಸಿದರೆ ಏನೋ ಕಡಿಮೆಯಾಯಿತು ಎನಿಸಬಹುದು. ವಯಸ್ಸಾದ ಅಭಿಮಾನಿಗಳು ಹೀಯಾಳಿಸಿದ್ದ 'ರಿವೆಂಜ್ ಆಫ್ ದ ಸಿತ್' 2025ರ ಏಪ್ರಿಲಿನಲ್ಲಿ ಇಪ್ಪತ್ತನೇ ವರ್ಷಕ್ಕೆ ಮತ್ತೆ ಬಂದಾಗ ಮೊದಲ ವಾರಾಂತ್ಯವೇ ಅಮೆರಿಕದಲ್ಲಿ ಸುಮಾರು 2.5 ಕೋಟಿ ಡಾಲರ್ ಗಳಿಸಿತು. ಅದನ್ನು ಮಕ್ಕಳಾಗಿ ನೋಡಿದವರು ಈಗ ಸ್ವಂತ ದುಡ್ಡಿನಲ್ಲಿ ಟಿಕೆಟ್ ಕೊಳ್ಳುವವರಾಗಿದ್ದಾರೆ.

ಇನ್ನೂ ಆಳಕ್ಕೆ ಹೋದರೆ 'ಮೂಲ' ಎಂಬುದೂ ಒಂದೇ ಅಲ್ಲ. 1977ರಲ್ಲೇ ಆ ಸಿನಿಮಾದ ಶಬ್ದವನ್ನು ಮೂರು ಬಗೆಯಾಗಿ ಜೋಡಿಸಿದ್ದರು. 70 ಎಂಎಂ ಪ್ರಿಂಟಿಗೆ ಒಂದು, 35 ಎಂಎಂ ಸ್ಟೀರಿಯೊಗೆ ಒಂದು, ಒಂದೇ ಸ್ಪೀಕರಿನ ಸಾಧಾರಣ ಥಿಯೇಟರುಗಳಿಗೆ ಮೋನೊ ಇನ್ನೊಂದು. ಮೋನೊದಲ್ಲಿ ಕೆಲವು ಮಾತುಗಳೇ ಬೇರೆ. ದೊಡ್ಡ ಊರಿನವರೂ ಸಣ್ಣ ಊರಿನವರೂ ಕೇಳಿದ್ದು ಒಂದೇ ಸಿನಿಮಾ ಅಲ್ಲ.

ಅಧಿಕೃತವಾಗಿ ಸಿಗದಿದ್ದಾಗ ಅಭಿಮಾನಿಗಳು ಸುಮ್ನೆ ಕೂರಲಿಲ್ಲ. ಜೆಕ್ ದೇಶದ ಒಬ್ಬ ಅಭಿಮಾನಿ ಬ್ಲೂ-ರೇ, ಡಿವಿಡಿ, ಹಳೆಯ ಪ್ರಿಂಟಿನ ಸ್ಕ್ಯಾನುಗಳಿಂದ ತುಂಡು ತುಂಡು ಆಯ್ದು, ಹೊಸ ಶಾಟುಗಳ ಜಾಗಕ್ಕೆ ಹಳೆಯವನ್ನು ಕೂಡಿಸಿ 'ಡಿಸ್ಪೆಷಲೈಸ್ಡ್ ಎಡಿಷನ್' ಮಾಡಿದರು. ಆಮೇಲೆ ಇನ್ನೊಂದು ಗುಂಪು 1977ರ ಟೆಕ್ನಿಕಲರ್ ಪ್ರಿಂಟನ್ನೇ ಫ್ರೇಮ್ ಫ್ರೇಮ್ ಆಗಿ ಸ್ಕ್ಯಾನ್ ಮಾಡಿ, ಕೊಳೆ ತೆಗೆದು '4ಕೆ77' ಎಂದು ಹೆಸರಿಟ್ಟಿತು. ಕಾನೂನು ಪ್ರಕಾರ ಇದು ಹಕ್ಕುಸ್ವಾಮ್ಯ ಮುರಿದಂತೆಯೇ. ಅಧಿಕೃತ ಡಿಸ್ಕನ್ನು ದುಡ್ಡು ಕೊಟ್ಟು ಕೊಂಡವರು ಮಾತ್ರ ಇದನ್ನು ನೋಡಿ ಎಂದು ಈ ವಲಯದಲ್ಲಿ ಹೇಳಿಕೊಳ್ಳುವ ರೂಢಿಯಿದೆ. ಕೋರ್ಟಿನಲ್ಲಿ ನಿಲ್ಲುವ ಮಾತಲ್ಲ, ಆದರೆ ಅವರ ಮನಸ್ಸು ಎಲ್ಲಿದೆ ಎಂದು ತೋರಿಸುತ್ತದೆ.

ಗಾಳಿ ಬದಲಾದ ಸುಳಿವು ಸಿಕ್ಕಿದ್ದು 2025ರ ಜೂನಿನಲ್ಲಿ. ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ತನ್ನ ಫಿಲ್ಮ್ ಉತ್ಸವವನ್ನು 1977ರ ಟೆಕ್ನಿಕಲರ್ ಪ್ರಿಂಟ್ ತೋರಿಸಿ ಶುರುಮಾಡಿತು. ಲ್ಯೂಕಾಸ್‌ಫಿಲ್ಮ್ ಆಗಿನ ಮುಖ್ಯಸ್ಥೆ ಕ್ಯಾತ್ಲೀನ್ ಕೆನಡಿ ಅಲ್ಲಿಗೆ ಬಂದು ಮಾತಾಡಿದರು. ಅದರ ಬೆನ್ನಿಗೆ ಬಂದದ್ದೇ 2027ರ ಪ್ರಕಟಣೆ.

ಖುಷಿಯ ಜೊತೆ ಅನುಮಾನವೂ ಇದೆ. ಪ್ರಕಟಣೆ ಇರುವುದು ಮೊದಲ ಚಿತ್ರಕ್ಕೆ, ಉಳಿದೆರಡು ಚಿತ್ರಗಳ ಹಳೆಯ ಆವೃತ್ತಿಯ ಮಾತಿಲ್ಲ. ಥಿಯೇಟರಿನಲ್ಲೂ ಕೆಲವು ದಿನ ಮಾತ್ರ. ಫಿಲ್ಮಿನ ಕಾಳು ಕಾಳು ಚಿತ್ರವನ್ನು ಹಾಗೇ ಬಿಡುತ್ತಾರಾ, ಈಗಿನ ರೂಢಿಯಂತೆ ಮೇಣದ ಗೊಂಬೆಯ ಹಾಗೆ ನುಣುಪು ಮಾಡುತ್ತಾರಾ ಎಂಬುದು ತೆರೆಯ ಮೇಲೆ ನೋಡಿದಾಗಲೇ ಗೊತ್ತಾಗುವುದು.

ನೀವು ನೋಡುತ್ತಿರುವುದು ಯಾವ ಸ್ಟಾರ್ ವಾರ್ಸ್ ಎಂದು ಪರೀಕ್ಷಿಸಲು ತಜ್ಞರೇನೂ ಬೇಡ. ಶುರುವಿನ ಹಳದಿ ಅಕ್ಷರಗಳಲ್ಲಿ 'ಎಪಿಸೋಡ್ 4' ಇರಬಾರದು. ಹಡಗುಕಟ್ಟೆಯಲ್ಲಿ ಜಬ್ಬಾ ಕಾಣಬಾರದು. ಕೊನೆಯಲ್ಲಿ ಶತ್ರುಗಳ ದೈತ್ಯ ಅಂತರಿಕ್ಷ ನೆಲೆ ಡೆತ್ ಸ್ಟಾರ್ ಸಿಡಿದಾಗ ಬರೀ ಕಿಡಿಗಳು ಚಿಮ್ಮಬೇಕು, ಬಳೆಯಂತೆ ಹರಡುವ ಬೆಳಕಿನ ಉಂಗುರ 1997ರಲ್ಲಿ ಸೇರಿದ್ದು. ಇನ್ನು ಹೋಟೆಲಿನ ದೃಶ್ಯದಲ್ಲಿ ಗ್ರೀಡೊ ಒಂದೂ ಗುಂಡು ಹಾರಿಸದೆ ಮೇಜಿನ ಮೇಲೆ ಬಿದ್ದರೆ, ಕೊಟ್ಟ ಕಾಸಿಗೆ ಮೋಸವಿಲ್ಲ.